ಹೃದ್ರೋಗವೂ ಬಡತನವೂ

ಹೃದಯಾಘಾತ ಶ್ರೀಮಂತರ ಕಾಯಿಲೆ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಕೂತು ಉಣ್ಣುವವರಿಗೆ ಬರುವ ರೋಗ ಅದು, ಹೊಲದಲ್ಲಿ ಬೆವರು ಸುರಿಸುವವರ ಎದೆಗೆ ಏನೂ ಆಗದು ಎಂಬ ನಂಬಿಕೆ ಅದರ ಹಿಂದಿದೆ. ಐವತ್ತು ಅರವತ್ತು ವರ್ಷಗಳ ಹಿಂದೆ ಅದರಲ್ಲಿ ಸ್ವಲ್ಪ ನಿಜವಿದ್ದಿರಬಹುದು. ಈಗ ಇಲ್ಲ. 1990ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳ ಪಾಲು ಶೇ. 15ರಷ್ಟಿತ್ತು, 2016ರ ಹೊತ್ತಿಗೆ ಅದು ಶೇ. 28ಕ್ಕೆ ಏರಿತು. ದೇಶದ ಉದ್ದಗಲಕ್ಕೂ ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ‘ಮಿಲಿಯನ್ ಡೆತ್ ಸ್ಟಡಿ’ ಇನ್ನೂ ಕಟುವಾದ ಸಂಗತಿಯನ್ನು ಹೇಳುತ್ತದೆ. 2000ದಿಂದ 2015ರವರೆಗಿನ ಹದಿನೈದು ವರ್ಷಗಳಲ್ಲಿ, 30ರಿಂದ 69ರ ವಯಸ್ಸಿನ ಹಳ್ಳಿಗಾಡಿನ ಗಂಡಸರಲ್ಲಿ ಹೃದಯಾಘಾತದ ಸಾವು ಏರುತ್ತಾ ಹೋಗಿ ಪಟ್ಟಣದ ಗಂಡಸರನ್ನೂ ಮೀರಿಸಿತು.

ಈ ಬದಲಾವಣೆ ಹೇಗೆ ಬಂತು ಎಂಬುದಕ್ಕೆ ತಮಿಳುನಾಡಿನ ಗಡಿಯಲ್ಲಿರುವ ಕೃಷ್ಣಗಿರಿ ಜಿಲ್ಲೆಯ ಹೊಸೂರು ಸೀಮೆಯನ್ನು ನೋಡಬಹುದು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಸುವ ನಾಡು ಇದು. ಒಂದು ಕಾಲಕ್ಕೆ ಇಲ್ಲಿ ರಾಗಿ, ಅವರೆ, ಹುರುಳಿಯೇ ಬದುಕು. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಕಾರ್ಖಾನೆಗಳು ಒಂದರ ಹಿಂದೊಂದು ತೆರೆದವು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯೂ ಆಯಿತು. ಅವಲಪಲ್ಲಿಯಂತಹ ಊರುಗಳು ನೋಡನೋಡುತ್ತಿದ್ದಂತೆ ನಗರದ ಬಡಾವಣೆಗಳಾದವು. ಇಂತಹ ಊರಿನ ಒಂದೇ ಬೀದಿಯಲ್ಲಿ ಕಾರ್ಖಾನೆಯ ಕಾಯಂ ನೌಕರ, ಗುತ್ತಿಗೆ ಕೆಲಸಗಾರ, ಹೂವಿನ ತೋಟದ ಕೂಲಿಯಾಳು, ಹೊರ ರಾಜ್ಯದಿಂದ ಬಂದು ಬಾಡಿಗೆ ಕೋಣೆಯಲ್ಲಿ ಇರುವ ಹುಡುಗರು ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ. ಕಾಯಂ ನೌಕರನಿಗೆ ಇಎಸ್‌ಐ ಆಸ್ಪತ್ರೆಯೋ ಕಂಪನಿಯ ವಿಮೆಯೋ ಇರುತ್ತದೆ, ರಜೆ ಹಾಕಿದರೂ ಸಂಬಳ ಬರುತ್ತದೆ. ದಿನಗೂಲಿಯವರಿಗೆ ಆಸ್ಪತ್ರೆಗೆ ಹೋದ ದಿನ ಕೂಲಿಯೇ ಇಲ್ಲ. ಕುಡಿಯುವ ನೀರು ಒಂದೇ, ಉಸಿರಾಡುವ ಗಾಳಿ ಒಂದೇ. ಆದರೆ ಎದೆ ನೋವು ಬಂದಾಗ ಬದುಕುಳಿಯುವ ಅವಕಾಶ ಒಂದೇ ಅಲ್ಲ.

ಈ ಕೊನೆಯ ಮಾತನ್ನು ಲೆಕ್ಕ ಹಾಕಿ ತೋರಿಸಿದ್ದು ಹೊಸೂರಿಗೆ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಿಂದಲೇ ನಡೆದ ಅಧ್ಯಯನ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ಚಿಕಿತ್ಸೆ ಪಡೆದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಸಂಗ್ರಹಿಸಿದರು. ‘ಕ್ರಿಯೇಟ್’ ಎಂದು ಹೆಸರಾದ ಆ ವರದಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಡವರು ಅಥವಾ ಕೆಳ ಮಧ್ಯಮ ವರ್ಗದವರು ಎಂಬುದು ಅದರ ಮೊದಲ ಸಂಗತಿ. ಮೂವತ್ತು ದಿನಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಚಿಕಿತ್ಸೆಯ ಲೆಕ್ಕ ತೆಗೆದರೆ ಕಾರಣ ಎದ್ದು ಕಾಣುತ್ತದೆ. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿಯಂತಹ ಚಿಕಿತ್ಸೆ ಶ್ರೀಮಂತರಲ್ಲಿ ಶೇ. 15.3 ಮಂದಿಗೆ ಸಿಕ್ಕಿತು, ಬಡವರಲ್ಲಿ ಶೇ. 2 ಮಂದಿಗೆ ಮಾತ್ರ. ಅದು ದುಬಾರಿ, ಹೋಗಲಿ ಎನ್ನೋಣ. ಕೊಲೆಸ್ಟರಾಲ್ ಇಳಿಸುವ ಸಾಮಾನ್ಯ ಮಾತ್ರೆಯೂ ಶ್ರೀಮಂತರಲ್ಲಿ ಶೇ. 61.2 ಮಂದಿಗೆ ಸಿಕ್ಕರೆ ಬಡವರಲ್ಲಿ ಶೇ. 36 ಮಂದಿಗಷ್ಟೇ ಸಿಕ್ಕಿತ್ತು.

ಆ ವರದಿಯ ಬಹುಮುಖ್ಯ ಭಾಗ ಇದಾದ ಮೇಲೆ ಬರುತ್ತದೆ. ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಗಣಿತದ ವಿಧಾನದಿಂದ ಸರಿದೂಗಿಸಿ ನೋಡಿದಾಗ, ಬಡವ ಬಲ್ಲಿದರ ಸಾವಿನ ನಡುವಿನ ಅಂತರ ಇಲ್ಲವಾಯಿತು. ಒಮ್ಮೆ ಆಸ್ಪತ್ರೆ ಸೇರಿದ ಮೇಲೆ ಬಡವರನ್ನು ಹೆಚ್ಚಾಗಿ ಕೊಂದದ್ದು ಅವರ ದೇಹದ ದೌರ್ಬಲ್ಯವಲ್ಲ, ಸಿಗಬೇಕಾಗಿದ್ದ ಔಷಧ ಸಿಗದೆ ಹೋದದ್ದು. ಬಡವರು ಆರೋಗ್ಯದ ಬಗ್ಗೆ ಅಸಡ್ಡೆ ಮಾಡುತ್ತಾರೆ ಎಂದು ಸುಲಭವಾಗಿ ದೂರುವವರು ಈ ಒಂದು ಅಂಕಿಅಂಶವನ್ನು ನೆನಪಿಡಬೇಕು.

ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ: 360 ನಿಮಿಷ. ಎದೆ ನೋವು ಶುರುವಾದಾಗಿನಿಂದ ಆಸ್ಪತ್ರೆ ತಲುಪಲು ರೋಗಿಗಳು ತೆಗೆದುಕೊಂಡ ಮಧ್ಯಾಂಕ ಅವಧಿ ಅದು, ಅಂದರೆ ಆರು ಗಂಟೆ. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೊನರಿ ಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಂಡಿರುತ್ತದೆ. ಒಂದು ದಿನ ಆ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ರಕ್ತ ಸಿಗದ ಸ್ನಾಯು ಅರ್ಧ ಗಂಟೆಯಲ್ಲೇ ಸಾಯತೊಡಗುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಉಳಿಸಿಕೊಳ್ಳಬಹುದಾಗಿದ್ದ ಬಹುಭಾಗ ಹೋಗಿರುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ. ಈ ಆರು ಗಂಟೆ ಎಲ್ಲಿ ಹೋಗುತ್ತದೆ? ಮೊದಲು ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿದು, ಓಮ ಅಗಿದು ಕಾಯುವುದರಲ್ಲಿ. ಆಮೇಲೆ ದುಡ್ಡು ಹೊಂದಿಸುವುದರಲ್ಲಿ. ಆಮೇಲೆ ಇಸಿಜಿ ಇಲ್ಲದ ಚಿಕ್ಕ ಕ್ಲಿನಿಕ್ಕಿಗೆ ಹೋಗಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಗಾಡಿ ಹುಡುಕುವುದರಲ್ಲಿ. ಹೆಂಗಸರಾದರೆ ಮನೆಯವರಿಗೆ ಹೇಳಿಕೊಳ್ಳುವುದಕ್ಕೇ ಇನ್ನಷ್ಟು ಹೊತ್ತು.

ಕಾಯಿಲೆಯ ಬೀಜ ಬೀಳುವುದು ಇದಕ್ಕೂ ಬಹಳ ಮುಂಚೆ, ಕೆಲವರಲ್ಲಿ ತಾಯಿಯ ಗರ್ಭದಲ್ಲೇ. ಇದಕ್ಕೂ ಕನ್ನಡ ನಾಡಿನ ಸಾಕ್ಷ್ಯವೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯ ದಾಖಲೆಗಳು ಜೋಪಾನವಾಗಿ ಉಳಿದಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಅವರಲ್ಲಿ 517 ಮಂದಿಯನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಕರೊನರಿ ಹೃದ್ರೋಗವಿತ್ತು. ಮೂರು ಕಿಲೋ ಮೀರಿ ತೂಗಿದವರಲ್ಲಿ ಶೇ. 3 ಮಂದಿಗೆ. ತಾಯಿಯೂ 45 ಕಿಲೋಗಿಂತ ಕಡಿಮೆ ತೂಗಿ, ಮಗುವೂ ಸಣಕಲಾಗಿ ಹುಟ್ಟಿದ್ದಲ್ಲಿ ಪ್ರಮಾಣ ಶೇ. 20ಕ್ಕೆ ಮುಟ್ಟಿತ್ತು. ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶುವಿನ ದೇಹ ಇರುವಷ್ಟರಲ್ಲೇ ಬದುಕುವ ಏರ್ಪಾಡು ಮಾಡಿಕೊಳ್ಳುತ್ತದೆ. ಮೂತ್ರಪಿಂಡ, ರಕ್ತನಾಳ, ಸಕ್ಕರೆಯ ನಿರ್ವಹಣೆ ಎಲ್ಲವೂ ಆ ಕೊರತೆಗೆ ಹೊಂದಿಕೊಂಡೇ ರೂಪುಗೊಳ್ಳುತ್ತವೆ. ಮುಂದೆ ಅಂಥ ದೇಹಕ್ಕೆ ಪಾಲಿಶ್ ಅಕ್ಕಿ, ಸಕ್ಕರೆ, ಕರಿದ ತಿಂಡಿ ಧಾರಾಳವಾಗಿ ಸಿಕ್ಕರೆ ಅದು ತಾಳಿಕೊಳ್ಳದು. ಬರಗಾಲದ ಕಾಲದಲ್ಲಿ ಹುಟ್ಟಿ, ಬೇಕರಿ ತಿಂಡಿಯ ಕಾಲದಲ್ಲಿ ಮುಪ್ಪಾಗುತ್ತಿರುವ ಒಂದು ತಲೆಮಾರಿನ ಕಷ್ಟವನ್ನು ಈ ಮೈಸೂರಿನ ಅಧ್ಯಯನ ವಿವರಿಸುತ್ತದೆ. ಗರ್ಭಿಣಿಗೆ ಹೊಟ್ಟೆ ತುಂಬ ಊಟ ಕೊಡುವುದು ಮುಂದಿನ ಐವತ್ತು ವರ್ಷಗಳ ಹೃದಯ ಚಿಕಿತ್ಸೆಯೂ ಹೌದು.

ಹುಟ್ಟಿದ ಮೇಲೆ ಕೆಲಸದ ಸ್ವರೂಪ ತನ್ನ ಪಾಲು ಸೇರಿಸುತ್ತದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ‘ವೈಟ್‌ಹಾಲ್’ ಅಧ್ಯಯನ ಇದರಲ್ಲಿ ಹೆಸರುವಾಸಿ. ಅವರಲ್ಲಿ ಯಾರೂ ಹಸಿದವರಲ್ಲ, ಎಲ್ಲರಿಗೂ ಕಾಯಂ ನೌಕರಿ, ಸರ್ಕಾರದ ಉಚಿತ ಚಿಕಿತ್ಸೆ. ಆದರೂ ಕೆಳ ದರ್ಜೆಯವರು ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಹೃದ್ರೋಗದಿಂದ ಸತ್ತರು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಸ್ವಲ್ಪ ಭಾಗ ಮಾತ್ರ ಬಗೆಹರಿಯಿತು. ಮುಂದಿನ ಅಧ್ಯಯನಗಳಲ್ಲಿ ಮೈಕೆಲ್ ಮಾರ್ಮಟ್ ಮತ್ತು ಅವರ ತಂಡ ಗುರುತಿಸಿದ ಒಂದು ಮುಖ್ಯ ಕಾರಣ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಎಷ್ಟು ಹೊತ್ತಿಗೆ ಏಳಬೇಕು, ಯಾವ ವೇಗದಲ್ಲಿ ದುಡಿಯಬೇಕು, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಲ್ಲವೂ ಬೇರೆಯವರ ಕೈಯಲ್ಲಿದ್ದರೆ, ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ತಗ್ಗುವುದೇ ಇಲ್ಲ. ರಕ್ತದೊತ್ತಡ ಏರುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ. ರಾತ್ರಿ ಪಾಳಿ ಇದನ್ನು ಇನ್ನೂ ಹದಗೆಡಿಸುತ್ತದೆ. ವಾರಕ್ಕೆ 55 ಗಂಟೆಗೂ ಹೆಚ್ಚು ದುಡಿಯುವವರು ಹೃದ್ರೋಗದಿಂದ ಸಾಯುವ ಸಂಭವ ಶೇ. 17ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಮಾಡಿವೆ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವ ಸೆಕ್ಯುರಿಟಿ ಗಾರ್ಡ್ ಐದೇ ದಿನದಲ್ಲಿ ಆ ಗೆರೆ ದಾಟಿರುತ್ತಾನೆ.

ಸೌದೆ ಒಲೆಯ ಹೊಗೆ, ಬೀಡಿ, ಉಪ್ಪಿನಕಾಯಿಯ ಉಪ್ಪು ಇವುಗಳ ಪಾಲು ಎಲ್ಲರಿಗೂ ತಿಳಿದದ್ದೇ. ಇಕ್ಕಟ್ಟಿನ ಮನೆಗಳಲ್ಲಿ ಮಕ್ಕಳಿಂದ ಮಕ್ಕಳಿಗೆ ಹರಡುವ ಗಂಟಲು ಸೋಂಕು ಕೆಲವರಲ್ಲಿ ಹೃದಯದ ಕವಾಟಗಳನ್ನೇ ಹಾಳುಮಾಡುವ ರುಮ್ಯಾಟಿಕ್ ಹೃದ್ರೋಗಕ್ಕೆ ತಿರುಗುವುದುಂಟು. ಪೆನಿಸಿಲಿನ್ ಎಂಬ ಹಳೆಯ, ಅಗ್ಗದ ಔಷಧದಿಂದ ತಡೆಯಬಹುದಾದ ಕಾಯಿಲೆ ಅದು.

ಬಡತನ ನೀಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ರಕ್ತದೊತ್ತಡದ ಮಾತ್ರೆ ತಪ್ಪದೆ ಮನೆ ಮುಟ್ಟಿದರೆ ಎಷ್ಟೋ ಸಾವುಗಳು ತಪ್ಪುತ್ತವೆ. ಹೃದಯಾಘಾತದಿಂದ ಸತ್ತವರಲ್ಲಿ ಹೃದ್ರೋಗ ಇದೆಯೆಂದು ಮೊದಲೇ ತಿಳಿದಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಕ್ರಮವಾಗಿ ಔಷಧ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಮಿಲಿಯನ್ ಡೆತ್ ಸ್ಟಡಿಯೇ ಹೇಳಿದೆ. ಬಿಪಿ ಏರಿದರೆ ನೋವಿಲ್ಲ, ಜ್ವರವಿಲ್ಲ. ಚೆನ್ನಾಗಿದ್ದೇನಲ್ಲ ಎಂದು ಮಾತ್ರೆ ನಿಲ್ಲಿಸುವುದು, ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಕೂಲಿ ಹೋಗುತ್ತದೆ ಎಂದು ಮುಂದೂಡುವುದು ಸಾಮಾನ್ಯ. ಇದಕ್ಕೆ ಪರಿಹಾರವಾಗಿ ತಮಿಳುನಾಡು ಸರ್ಕಾರ ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ, ಎಂಬ ಯೋಜನೆ ತಂದಿತು. ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ 2021ರ ಆಗಸ್ಟ್ 5ರಂದು ಅದನ್ನು ಉದ್ಘಾಟಿಸಿದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲಿ. ಆರೋಗ್ಯ ಕಾರ್ಯಕರ್ತೆಯರು ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಟ್ಟು ಹೋಗುತ್ತಾರೆ. 2024ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಹೃದಯಾಘಾತದ ಲಕ್ಷಣ ಹೊತ್ತು ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮಾತ್ರೆಗಳನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ‘ಇದಯಂ ಕಾಪ್ಪೋಂ’ ಯೋಜನೆ 2023ರಲ್ಲಿ ಶುರುವಾಗಿದೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯಜ್ಯೋತಿ’ ಯೋಜನೆ ಬಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ.

ಇಂತಹ ಜಾಲಗಳಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆಯೂ ಇದೆ. 2012ರಿಂದ 2014ರವರೆಗೆ ತಮಿಳುನಾಡಿನಲ್ಲಿ ಚಿಕ್ಕ ಆಸ್ಪತ್ರೆಗಳನ್ನು ದೊಡ್ಡ ಹೃದಯ ಕೇಂದ್ರಗಳೊಂದಿಗೆ ಜೋಡಿಸಿ, ಆಂಬುಲೆನ್ಸ್ ಮತ್ತು ಸರ್ಕಾರಿ ವಿಮೆಯನ್ನು ಬಳಸಿಕೊಂಡು ಒಂದು ಪ್ರಯೋಗ ನಡೆಯಿತು. ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇ. 17.6ರಿಂದ 14.2ಕ್ಕೆ ಇಳಿಯಿತು. ಜನರ ಆದಾಯ ಬದಲಾಗಿರಲಿಲ್ಲ, ಊರೂ ಬದಲಾಗಿರಲಿಲ್ಲ. ಚಿಕಿತ್ಸೆ ಸಿಗುವ ರೀತಿ ಮಾತ್ರ ಬದಲಾಗಿತ್ತು.

ಮೂವತ್ತು ದಾಟಿದ ಪ್ರತಿಯೊಬ್ಬರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ಬಿಪಿ, ಶುಗರ್ ನೋಡಿಸಿಕೊಳ್ಳಬೇಕು. ಅದಕ್ಕೆ ದುಡ್ಡು ಬೇಕಿಲ್ಲ. ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮನೆಯ ವಿಮಾ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು, ಅದರಲ್ಲೂ ಗಡಿಯ ಊರುಗಳವರು, ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಎದೆಯ ನಡುವೆ ಭಾರ ಇಟ್ಟಂತಾಗಿ, ಬೆವರು ಕಿತ್ತು, ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಎಂದುಕೊಂಡು ಕಾಯಬೇಡಿ. 108ಕ್ಕೆ ಕರೆ ಮಾಡಿ.