ಪಿಯುಸಿ ಅಂಕಗಳು ಏರುಪೇರಾಗಿ ಸಿಇಟಿ ಅಂಕಗಳು ಉತ್ತಮವಾಗಿದ್ದಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶಾವಕಾಶ

ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಅಂಕ ಪಡೆದು, ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ (ಸಿಇಟಿ) ಮಾತ್ರ ಉತ್ತಮ ಸಾಧನೆ ತೋರಿದ ಅಭ್ಯರ್ಥಿಗಳು ಹಾಗೂ ಅವರ ಪೋಷಕರು, ಸೀಟು ದೊರೆಯುವುದೇ ಎಂಬ ಆತಂಕದಲ್ಲಿರುವುದು ಸಹಜ. ಎರಡೂ ಪರೀಕ್ಷೆಗಳ ಅಂಕಗಳನ್ನು ಯಾವ ರೀತಿ ಪರಿಗಣಿಸಲಾಗುತ್ತದೆ ಎಂಬುದನ್ನು ಅರ್ಜಿದಾರರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಅರ್ಹತೆ ಮತ್ತು ರ್ಯಾಂಕ್ ಎರಡೂ ಬೇರೆ ಬೇರೆ

ಎಂಜಿನಿಯರಿಂಗ್ ಪ್ರವೇಶಕ್ಕೆ ಅಭ್ಯರ್ಥಿಯು ಮೊದಲು ಅರ್ಹತೆ ಪಡೆದಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ವಿಷಯಗಳಲ್ಲಿ ಒಟ್ಟಾರೆಯಾಗಿ ಸಾಮಾನ್ಯ ವರ್ಗದವರು ಶೇ. 45, ಅಂದರೆ 300ಕ್ಕೆ 135 ಅಂಕಗಳನ್ನು ಪಡೆದಿರತಕ್ಕದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ ಮತ್ತು 3ಬಿಗೆ ಸೇರಿದವರಿಗೆ ಇದು ಶೇ. 40, ಅಂದರೆ 120 ಅಂಕ. ಮೂರೂ ವಿಷಯಗಳ ಮೊತ್ತವನ್ನು ನೋಡಲಾಗುವುದರಿಂದ, ರಸಾಯನಶಾಸ್ತ್ರದ ಕೊರತೆಯನ್ನು ಗಣಿತವು ತುಂಬಿಕೊಡಬಲ್ಲದು. ಆದರೆ ಸಾಮಾನ್ಯ ವರ್ಗದ ಅಭ್ಯರ್ಥಿಯೊಬ್ಬರು 132 ಅಂಕ ಪಡೆದಿದ್ದಲ್ಲಿ, ಸಿಇಟಿಯಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ಎಂಜಿನಿಯರಿಂಗ್ ಸೀಟಿಗೆ ಅರ್ಹರಾಗುವುದಿಲ್ಲ. ಭಾಷಾ ವಿಷಯಗಳಲ್ಲಿ ಉತ್ತೀರ್ಣರಾಗಿರಬೇಕು. ಅವುಗಳ ಅಂಕಗಳು ಎಂಜಿನಿಯರಿಂಗ್ ರ್ಯಾಂಕಿಗೆ ಸೇರುವುದಿಲ್ಲ. ಇಂಗ್ಲಿಷ್ ಅಂಕ ಕಡಿಮೆಯಾಯಿತೆಂದು ಕೊರಗುವ ಅಭ್ಯರ್ಥಿಗಳು ಈ ಅಂಶವನ್ನು ಗಮನಿಸುವುದು.

ರ್ಯಾಂಕ್ ನೀಡುವ ಕ್ರಮ

ಪಿಯುಸಿಯ ಮೂರು ವಿಷಯಗಳ ಶೇಕಡಾವಾರು ಅಂಕಕ್ಕೆ ಅರ್ಧ ಮತ್ತು ಸಿಇಟಿಯ ಅದೇ ಮೂರು ವಿಷಯಗಳ ಶೇಕಡಾವಾರು ಅಂಕಕ್ಕೆ ಅರ್ಧ ಪ್ರಾಧಾನ್ಯ ನೀಡಿ ಎಂಜಿನಿಯರಿಂಗ್ ರ್ಯಾಂಕ್ ನಿಗದಿಪಡಿಸಲಾಗುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳಂತೆ ಒಟ್ಟು 180 ಅಂಕಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಉದಾಹರಣೆಗೆ, ಒಬ್ಬ ಅಭ್ಯರ್ಥಿಯು ಪಿಯುಸಿಯಲ್ಲಿ ಭೌತಶಾಸ್ತ್ರ 61, ರಸಾಯನಶಾಸ್ತ್ರ 52, ಗಣಿತ 88, ಒಟ್ಟು 201 ಅಂಕ (ಶೇ. 67) ಹಾಗೂ ಸಿಇಟಿಯಲ್ಲಿ 126 ಅಂಕ (ಶೇ. 70) ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಸರಾಸರಿ 68.5. ಪಿಯುಸಿಯಲ್ಲಿ 285 (ಶೇ. 95) ಮತ್ತು ಸಿಇಟಿಯಲ್ಲಿ 75 ಅಂಕ ಪಡೆದ ಇನ್ನೊಬ್ಬರ ಸರಾಸರಿ 68.33. ಪಿಯುಸಿಯಲ್ಲಿ 84 ಅಂಕ ಹಿಂದಿದ್ದರೂ ರ್ಯಾಂಕಿನಲ್ಲಿ ಮೊದಲನೆಯವರೇ ಮುಂದಿರುತ್ತಾರೆ. ಸಿಇಟಿಯ 3 ಅಂಕಗಳು ಪಿಯುಸಿಯ 5 ಅಂಕಗಳಿಗೆ ಸಮ ಎಂಬುದೇ ಇದರ ಕಾರಣ. ಹಾಗೆಂದು ಪಿಯುಸಿ ಅಂಕಗಳನ್ನು ಕಡೆಗಣಿಸುವಂತಿಲ್ಲ. ಇದೇ ಅಭ್ಯರ್ಥಿ ರಸಾಯನಶಾಸ್ತ್ರದಲ್ಲಿ ಇನ್ನೂ 15 ಅಂಕ ಪಡೆದಿದ್ದರೆ ಸಿಇಟಿಯಲ್ಲಿ 9 ಪ್ರಶ್ನೆಗಳಿಗೆ ಹೆಚ್ಚುವರಿಯಾಗಿ ಸರಿಯುತ್ತರ ಬರೆದಷ್ಟೇ ಲಾಭವಾಗುತ್ತಿತ್ತು.

ಕೋವಿಡ್ ಕಾರಣ 2021ರಲ್ಲಿ ಪಿಯುಸಿ ಪರೀಕ್ಷೆ ನಡೆಯದೆ, ಆ ವರ್ಷ ಕೇವಲ ಸಿಇಟಿ ಅಂಕಗಳ ಮೇಲೆ ರ್ಯಾಂಕ್ ನೀಡಲಾಯಿತು. 2022ರಲ್ಲಿ ಮತ್ತೆ ಸಿಇಟಿ ಬರೆದ 2021ರ ತಂಡದವರ ಪಿಯುಸಿ ಅಂಕಗಳನ್ನು ಮೊದಲು ಪರಿಗಣಿಸಿರಲಿಲ್ಲ. ವಿಷಯವು ಉಚ್ಚ ನ್ಯಾಯಾಲಯದವರೆಗೆ ಹೋಗಿ, ಅಂತಿಮವಾಗಿ ಅವರ ಪಿಯುಸಿ ಅಂಕಗಳಲ್ಲಿ ಸರಾಸರಿ 6 ಅಂಕ ಕಡಿತಗೊಳಿಸಿ ಹೊಸದಾಗಿ ರ್ಯಾಂಕ್ ಪ್ರಕಟಿಸಲಾಯಿತು. ಕೆಲವೇ ಅಂಕಗಳ ವ್ಯತ್ಯಾಸದಿಂದ ಸಾವಿರಾರು ರ್ಯಾಂಕುಗಳು ಹಿಂದುಮುಂದಾಗುತ್ತವೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇತರ ಕೋರ್ಸುಗಳು

ವೈದ್ಯಕೀಯ ಹಾಗೂ ದಂತ ವೈದ್ಯಕೀಯ ಕೋರ್ಸುಗಳಿಗೆ ನೀಟ್ ಪರೀಕ್ಷೆಯ ರ್ಯಾಂಕ್ ಮಾತ್ರ ಆಧಾರ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 50 (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40) ಪಡೆದ ನಂತರ ಪಿಯುಸಿ ಅಂಕಗಳು ರ್ಯಾಂಕನ್ನು ಬದಲಿಸುವುದಿಲ್ಲ. ಕಾಮೆಡ್-ಕೆ ಮೂಲಕ ನೀಡುವ ಎಂಜಿನಿಯರಿಂಗ್ ಸೀಟುಗಳಿಗೂ ಪ್ರವೇಶ ಪರೀಕ್ಷೆಯ ರ್ಯಾಂಕೇ ಆಧಾರ. ಪಿಯುಸಿ ಅಂಕಗಳು ಏರುಪೇರಾಗಿರುವವರು ಈ ಪರೀಕ್ಷೆಯನ್ನೂ ಬರೆಯುವುದು ಒಳಿತು. ವಾಸ್ತುಶಿಲ್ಪ ಕೋರ್ಸಿಗೆ ನಾಟಾ ಮತ್ತು ಅರ್ಹತಾ ಪರೀಕ್ಷೆಯ ಅಂಕಗಳನ್ನು ಸಮನಾಗಿ ಪರಿಗಣಿಸಲಾಗುತ್ತದೆ. ಐಐಟಿ ಪ್ರವೇಶದ ನಿಯಮ ಮಾತ್ರ ಬೇರೆ. ಅಲ್ಲಿ ಭಾಷೆಯೂ ಸೇರಿದಂತೆ ಐದು ವಿಷಯಗಳಲ್ಲಿ ಒಟ್ಟು ಶೇ. 75 (ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 65) ಅಂಕ ಅಥವಾ ತಮ್ಮ ಮಂಡಳಿಯ ಮೇಲಿನ ಶೇ. 20ರ ಗುಂಪಿನಲ್ಲಿ ಸ್ಥಾನ ಪಡೆದಿರಬೇಕು.

ಅಭ್ಯರ್ಥಿಗಳು ಮಾಡಬೇಕಾದುದು

2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು, ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಒಂದೇ ವಿಷಯದಲ್ಲಿ ಹಿಂದುಳಿದವರಿಗೆ ಇದು ಬಹಳ ಉಪಯುಕ್ತ. ಸುಧಾರಿತ ಅಂಕಗಳನ್ನು ಯಾವ ದಿನಾಂಕದೊಳಗೆ ರ್ಯಾಂಕಿಗೆ ಪರಿಗಣಿಸಲಾಗುವುದು ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ತಪ್ಪದೇ ನೋಡತಕ್ಕದ್ದು. ಸಿಬಿಎಸ್ಇ, ಐಸಿಎಸ್ಇ ಮುಂತಾದ ಮಂಡಳಿಗಳ ಅಭ್ಯರ್ಥಿಗಳು ತಮ್ಮ 12ನೇ ತರಗತಿಯ ಅಂಕಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ತಾವೇ ನಮೂದಿಸಬೇಕು. ಅಂಕಗಳು ದಾಖಲಾಗದಿದ್ದಲ್ಲಿ ರ್ಯಾಂಕ್ ತಡೆಹಿಡಿಯಲಾಗುತ್ತದೆ.

ಕಾಲೇಜು ಮತ್ತು ಕೋರ್ಸುಗಳ ಇಚ್ಛೆಗಳನ್ನು ದಾಖಲಿಸುವಾಗ, ಸಿಗಲಾರದೆಂಬ ಅಂಜಿಕೆಯಿಂದ ಬೇಕಾದ ಕಾಲೇಜನ್ನು ಪಟ್ಟಿಯಿಂದ ಕೈಬಿಡಬಾರದು. ಹಂಚಿಕೆಯು ರ್ಯಾಂಕ್ ಮತ್ತು ಮೀಸಲಾತಿಯ ಆಧಾರದಲ್ಲಿ ನಡೆಯುವುದರಿಂದ, ಮೇಲಿನ ಇಚ್ಛೆ ದೊರೆಯದಿದ್ದರೆ ಮುಂದಿನದನ್ನು ಪರಿಶೀಲಿಸಲಾಗುತ್ತದೆ. ಅದರಿಂದ ಅಭ್ಯರ್ಥಿಗೆ ಯಾವ ನಷ್ಟವೂ ಇಲ್ಲ. ಅಣಕು ಹಂಚಿಕೆಯ ಫಲಿತಾಂಶವನ್ನು ಹಿಂದಿನ ವರ್ಷದ ಕೊನೆಯ ರ್ಯಾಂಕುಗಳೊಂದಿಗೆ ಹೋಲಿಸಿ ನೋಡಿ, ನಿಗದಿತ ದಿನಾಂಕದೊಳಗೆ ಇಚ್ಛೆಗಳ ಕ್ರಮವನ್ನು ಬದಲಾಯಿಸಿಕೊಳ್ಳಬಹುದು.