ಬೊಮ್ಮನ ಜಾಡು ಹಿಡಿದವರು

ಪತ್ತೇದಾರಿ ಕಥೆಯ ರುಚಿ ಇರುವವರಿಗೂ ಕಡಲ ಚರಿತ್ರೆಯ ಹುಚ್ಚು ಇರುವವರಿಗೂ ಒಂದೇ ಪುಸ್ತಕ ಕೊಡಬೇಕಾದರೆ ನಾನು ಕೊಡುವುದು ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’. 1992ರಲ್ಲಿ ಬಂದದ್ದು. ಅವರ ಅಫೀಮು ಕಾದಂಬರಿಗಳ ಗದ್ದಲದಲ್ಲಿ ಇದು ಸ್ವಲ್ಪ ಹಿಂದೆ ಸರಿದಿದೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಾವು ಮಾತ್ರ ಹಾಗೆ ಬಿಡುವಂತಿಲ್ಲ. ಕಥೆಯ ಗುಟ್ಟು ಅಡಗಿರುವುದು ಇಲ್ಲಿಂದ ಕೂಗಳತೆಯಲ್ಲಿರುವ ಮಂಗಳೂರಿನಲ್ಲಿ, ಸಾಮಾನಿನ ಪಟ್ಟಿಯಲ್ಲಿರುವುದು ನಮ್ಮ ತೋಟದ ಅಡಿಕೆ, ಒಳ್ಳೆಮೆಣಸು.

1978ರ ಚಳಿಗಾಲ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಇಪ್ಪತ್ತೆರಡರ ಘೋಷ್ ಗ್ರಂಥಾಲಯದಲ್ಲಿ ಎಸ್. ಡಿ. ಗೊಯಿಟೈನ್ ಅನುವಾದಿಸಿದ ಹಳೆಯ ವ್ಯಾಪಾರಿ ಪತ್ರಗಳ ಸಂಗ್ರಹವನ್ನು ತಿರುವಿಹಾಕುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಏಡನ್ನಿನ ವರ್ತಕನೊಬ್ಬ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿಗೆ ಬರೆದ ಕಾಗದ. ಲೆಕ್ಕಪತ್ರವೆಲ್ಲ ಮುಗಿದ ಮೇಲೆ ಕ್ಷೇಮಸಮಾಚಾರದ ಸಾಲಿನಲ್ಲಿ ಯಿಜುವಿನ ಆಳಿಗೂ ಒಂದು ನಮಸ್ಕಾರ. ಘೋಷ್ ಹಿಡಿದದ್ದು ಆ ಒಂದು ಎಳೆಯನ್ನು. ರಾಜರೂ ದಂಡನಾಯಕರೂ ಇದ್ದ ಕಾಲದಲ್ಲಿ ಒಬ್ಬ ಆಳಿನ ಹೆಸರು ಉಳಿದದ್ದಾದರೂ ಹೇಗೆ, ಅವನು ಯಾರು?

ಉಳಿದ ಬಗೆಯೇ ಒಂದು ಕಥೆ. ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಹರಿದೆಸೆಯುತ್ತಿರಲಿಲ್ಲ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ ನೂರಾರು ವರ್ಷ ತುಂಬಿಡುತ್ತ ಬಂದರು. 1896–97ರಲ್ಲಿ ಸಾಲಮನ್ ಶೆಖ್ಟರ್ ಅದರ ಬಹುಪಾಲನ್ನು ಕೇಂಬ್ರಿಜಿಗೆ ಒಯ್ದರು. ಕಾಗದ ದುಬಾರಿಯಾಗಿದ್ದ ಕಾಲ, ಯಿಜು ಕೈಹಿಡಿತದ ಮನುಷ್ಯ: ಬಂದ ಪತ್ರದ ಬೆನ್ನಿಗೇ ತನ್ನ ಲೆಕ್ಕ, ಟಿಪ್ಪಣಿ ಗೀಚುತ್ತಿದ್ದ. ಹಾಗಾಗಿ ಒಂದೇ ಚೂರಿನಲ್ಲಿ ಈಚೆಗೆ ಏಡನ್ನಿನ ದೊಡ್ಡ ವ್ಯವಹಾರ, ಆಚೆಗೆ ಮಂಗಳೂರಿನ ಮನೆವಾರ್ತೆ. ಘೋಷ್ ಎರಡೂ ಮಗ್ಗುಲನ್ನು ಓದುತ್ತಾರೆ. ಯಿಜುವಿನ ಕಂಚಿನ ಕಾರ್ಖಾನೆ, ಮುಂಗಡ ತೆಗೆದುಕೊಂಡು ಏಲಕ್ಕಿ ಕೊಡದೆ ಸತಾಯಿಸಿದವನ ಮೇಲಿನ ಸಿಟ್ಟು, 1132ರಲ್ಲಿ ದಾಸ್ಯದಿಂದ ಬಿಡಿಸಿದ ಆಶು ಎಂಬ ಹೆಣ್ಣು, ಎಲ್ಲವೂ ಹೀಗೆ ಚೂರುಚೂರಾಗಿ ಸಿಕ್ಕಿದ್ದು. ಒಂದು ಪತ್ರದಲ್ಲಂತೂ ಹಡಗು ಒಡೆದ ಸುದ್ದಿ: ಮೆಣಸು ಪೂರ್ತಿ ನೀರುಪಾಲು, ಕಬ್ಬಿಣವನ್ನು ಮಾತ್ರ ಏಡನ್ನಿನಿಂದ ಮುಳುಗುಗಾರರನ್ನು ಕರೆಸಿ ಅರ್ಧದಷ್ಟು ಮೇಲೆತ್ತಿಸಿದರು. ಗೋಳಾಟ ಕಡಿಮೆ, ಎಷ್ಟು ಹೋಯಿತು ಎಷ್ಟು ಉಳಿಯಿತು ಎಂಬ ಲೆಕ್ಕವೇ ಹೆಚ್ಚು.

ಇದನ್ನು ಓದಲು ಅವರು ಪಟ್ಟ ಪಾಡು ಸಣ್ಣದಲ್ಲ. ಭಾಷೆ ಅರಬಿ, ಲಿಪಿ ಹೀಬ್ರೂ. 1980ರಿಂದ ಈಜಿಪ್ಟಿನ ಹಳ್ಳಿಯಲ್ಲಿದ್ದು ಕಲಿತ ಆಡುಮಾತು ಪಂಡಿತರ ನಿಘಂಟಿಗಿಂತ ಹೆಚ್ಚು ನೆರವಿಗೆ ಬಂತು.

ಇನ್ನು ಆಳಿನ ಹೆಸರು. ಅಲ್ಲಿ ಸ್ವರಗಳನ್ನು ಬರೆಯುವ ರೂಢಿಯಿಲ್ಲ. ಕಾಣುವುದು ಬ, ಮ, ಕೊನೆಗೊಂದು ಅಕ್ಷರ. ವಿದ್ವಾಂಸರು ‘ಬಾಮ’ ಎಂದು ಓದಿದ್ದರು. ಘೋಷ್ 1990ರಲ್ಲಿ ಮಂಗಳೂರಿಗೆ ಬಂದು ತುಳು ಜಾನಪದ ಬಲ್ಲ ಪ್ರೊ. ಬಿ. ಎ. ವಿವೇಕ ರೈ ಅವರ ಮುಂದೆ ಕೂತರು. ಅಲ್ಲಿ ಬಿಡಿಸಿಕೊಂಡಿತು: ಬೊಮ್ಮ. ಶಾಸನಗಳಲ್ಲಿ ಸಿಗುವ, ಕನ್ನಡಿಗರಿಗೂ ತುಳುವರಿಗೂ ಕೇಳಿ ಗೊತ್ತಿರುವ ಹೆಸರು. ಈ ಪುಸ್ತಕದಲ್ಲಿ ನನಗೆ ಬಲು ಇಷ್ಟವಾದ ಭಾಗ ಇದೇ. ಹೆಸರು ಸಿಕ್ಕಿತೆಂದು ಅವರು ನಿಲ್ಲುವುದಿಲ್ಲ. ಆ ಹೆಸರಿನವನು ಎಂಥ ಮನೆತನದವನಾಗಿರಬಹುದು, ಯಾವ ಭೂತಕ್ಕೆ ನಡೆದುಕೊಂಡಿರಬಹುದು ಎಂದು ಊರೊಳಗೆ ವಿಚಾರಿಸುತ್ತ ಹೋಗುತ್ತಾರೆ. ಮೊಗವೀರರ ಬೊಬ್ಬರ್ಯನ ಸ್ಥಾನದವರೆಗೂ ಹೋಗುತ್ತಾರೆ. ಮುಸಲ್ಮಾನ ನಾವಿಕನ ಮಗ ಸತ್ತು ಭೂತವಾದ ಆ ಕಥೆಗೂ ಪತ್ರಗಳ ಕಡಲಿಗೂ ಇರುವ ನಂಟನ್ನು ಎಲ್ಲೂ ಎಳೆದು ಕಟ್ಟುವುದಿಲ್ಲ, ಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತಾರೆ.

ಬೊಮ್ಮನೇನು ಕೈಕಟ್ಟಿ ನಿಂತ ಆಳಲ್ಲ. ಒಡೆಯನ ಸರಕು ಹೊತ್ತು ಏಡನ್ನಿಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ. ತಿಂಗಳಿಗೆ ಎರಡು ದಿನಾರ್ ಸಂಬಳ. ಏಡನ್ನಿನಲ್ಲಿ ಕುಡಿದು ಮೋಜು ಮಾಡಿ, ಯಿಜುವಿನ ಗೆಳೆಯ ಮದ್ಮೂನನನ್ನು ಹಣಕ್ಕಾಗಿ ಪೀಡಿಸಿದ್ದೂ ಉಂಟು. ಆ ದೂರು ದಾಖಲಾದದ್ದರಿಂದಲೇ ಅವನು ನಮಗೆ ಜೀವಂತ.

ಗೊತ್ತಿದ್ದದ್ದನ್ನು ಗೊತ್ತೆಂದೂ ಊಹೆಯನ್ನು ಊಹೆಯೆಂದೂ ಬೇರೆ ಬೇರೆ ಹೇಳುವುದು ಘೋಷ್ ಅವರ ಶಿಸ್ತು. ಲೆಕ್ಕದಲ್ಲಿ ‘ನಾಯರ್’ ಎಂದು ಆಶುವಿನ ಅಣ್ಣನೋ ತಮ್ಮನೋ ಕಾಣಿಸಿದಾಗ ಅವಳು ಮಲಬಾರಿನವಳೆಂದು ತರ್ಕಿಸುತ್ತಾರೆ, ಒಪ್ಪಬಹುದು. ಯಿಜು ಅವಳನ್ನು ಮದುವೆಯಾದದ್ದಕ್ಕೆ ಪ್ರೀತಿಯೇ ಕಾರಣವೆಂಬ ಮಾತಿಗೆ ಮಾತ್ರ ಆಧಾರ ತೆಳು. ವಚನಕಾರರ ದಾಸ್ಯಭಾವವನ್ನು ಬೊಮ್ಮನ ಸ್ಥಿತಿಗೆ ಹೊಂದಿಸುವಲ್ಲಿಯೂ ಎಳೆದಾಟವಿದೆ. ಪೋರ್ಚುಗೀಸರು ಬರುವ ಮುನ್ನ ಅರಬಿ ಸಮುದ್ರ ಶಾಂತಿಯ ತೊಟ್ಟಿಲಾಗಿತ್ತು ಎಂಬ ಧ್ವನಿಯೂ ಕೊಂಚ ಜಾಸ್ತಿಯೇ.

ಪೋರ್ಚುಗೀಸರೇ ಬರೆದಿಟ್ಟದ್ದನ್ನೂ ಜೊತೆಗೆ ಓದಿದರೆ ನಮ್ಮ ಕರಾವಳಿಯ ಚಿತ್ರ ತುಂಬುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಡುವಾರ್ಟೆ ಬಾರ್ಬೋಸಾ ಕುಂಬಳೆಯ ಬಗ್ಗೆ ಬರೆಯುತ್ತ, ಇಲ್ಲಿಯ ಅಗ್ಗದ ಕಪ್ಪು ಅಕ್ಕಿ ಮಾಲ್ದೀವಿಗೆ ಹೋಗಿ ಬದಲಿಗೆ ತೆಂಗಿನ ನಾರು ಬರುತ್ತಿತ್ತು ಎನ್ನುತ್ತಾನೆ. ಹಗ್ಗವಿಲ್ಲದೆ ಹಡಗಿಲ್ಲ ಎಂಬುದನ್ನು ನೆನೆದರೆ ಆ ವಿನಿಮಯದ ತೂಕ ತಿಳಿಯುತ್ತದೆ.

ಘೋಷ್ ಪುಸ್ತಕ ಕೈಗೆ ಸಿಕ್ಕಿದವರು ಈಜಿಪ್ಟಿನ ಹಳ್ಳಿಯ ಅಧ್ಯಾಯಗಳು ನಿಧಾನವೆನಿಸಿದರೆ ಹಿಂದಿನ ಟಿಪ್ಪಣಿಗಳಿಂದಲೇ ಶುರು ಮಾಡಬಹುದು. ಅದೂ ಸಾಲದಾದರೆ ‘ಸಬಾಲ್ಟರ್ನ್ ಸ್ಟಡೀಸ್’ ಏಳನೆಯ ಸಂಪುಟದಲ್ಲಿ ಅವರದೇ ಲೇಖನವಿದೆ. ಅಲ್ಲಿ ಕಥೆಯ ಹಂಗಿಲ್ಲದೆ ಬರೀ ಪತ್ತೆದಾರಿಕೆ.