ಪುಟ ಬಂತು, ಪುಸ್ತಕ ಬರಲಿಲ್ಲ: ಪರ್ಲ್ ಸರ್ವರ್ ಜೊತೆ ಒಂದು ಭಾನುವಾರ

ಹೋದ ವಿಡಿಯೊ ನೋಡಿದವರು ಕೆಲವರು, "ಕಮಾಂಡ್ ಹೇಳೋ ಹೊತ್ತಿಗೆ ಮುಂದೆ ಓಡ್ತೀರಿ, ಬರೆದು ಹಾಕ್ರಿ" ಅಂದಿದ್ದರು. ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಹೈದರಾಬಾದಿನಲ್ಲಿ ಒಂದು ಕನ್ನಡ ಸಂಘ, ಹೆಸರು ಬೇಡ. ಅದರ ಸಣ್ಣ ಗ್ರಂಥಾಲಯವನ್ನು ನೋಡಿಕೊಳ್ಳುವವರು ರಾಯಚೂರು ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ನಾವೆಲ್ಲ ಕಾಕಾ ಅಂತೀವಿ. ಒಂದು ಶನಿವಾರ ರಾತ್ರಿ ಫೋನ್ ಮಾಡಿ, "ತಮ್ಮಾ, ಪೇಜೇ ಬರವಲ್ದು. ಫೈವ್ ಹಂಡ್ರೆಡ್ ಅಂತ ಬರ್ಲಿಕತ್ತದ" ಅಂದರು. ನಾನು ಗಚ್ಚಿಬೌಲಿಯಲ್ಲಿ ಹಗಲೆಲ್ಲ ಜಾವಾ ಬರೆಯುವವನು. ಪರ್ಲ್ ಮುಟ್ಟಿ ಹತ್ತು ವರ್ಷ ಆಗಿತ್ತು. ಆದರೂ ಮರುದಿನ ಮಿಯಾಪುರದಲ್ಲಿ ಮೆಟ್ರೊ ಹತ್ತಿದೆ.

ಅಲ್ಲಿದ್ದದ್ದು ಕೋಹಾ. ಗ್ರಂಥಾಲಯಗಳಿಗೆ ಉಚಿತವಾಗಿ ಸಿಗುವ ಈ ಸಾಫ್ಟ್‌ವೇರ್ 2000ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯದಲ್ಲಿ ಮೊದಲು ಬಳಕೆಗೆ ಬಂತು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಇವತ್ತಿಗೂ ಇದೇ ಓಡುತ್ತಿದೆ, ಅದರ ಒಳಗಿರುವುದು ಪರ್ಲ್. "ಪರ್ಲ್ ಸತ್ತಿದೆ" ಅನ್ನುವವರು ಒಮ್ಮೆ ಗ್ರಂಥಾಲಯದ ಕೌಂಟರಿಗೆ ಹೋಗಿ ನೋಡಬೇಕು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಅಪಾಚಿಯನ್ನು ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ. ಏನೂ ಆಗಲಿಲ್ಲ. ಆಮೇಲೆ ಎರರ್ ಲಾಗ್ ತೆಗೆದೆ. ಕೊನೆಯ ಸಾಲು: "ಎಂಡ್ ಆಫ್ ಸ್ಕ್ರಿಪ್ಟ್ ಔಟ್‌ಪುಟ್ ಬಿಫೋರ್ ಹೆಡರ್ಸ್". ಇದನ್ನು ಓದಿ ಹೆಡರ್ ಹುಡುಕಲು ಹೋಗಬೇಡಿ. ಸ್ಕ್ರಿಪ್ಟ್ ಏನನ್ನೂ ಹೇಳುವ ಮೊದಲೇ ಸತ್ತಿತು ಅಂತ ಅಪಾಚಿ ವರದಿ ಕೊಡುತ್ತಿದೆ, ಅಷ್ಟೇ. ಯಾಕೆ ಸತ್ತಿತು ಅನ್ನುವುದು ಅದಕ್ಕಿಂತ ಮೇಲಿನ ಸಾಲುಗಳಲ್ಲಿತ್ತು: ಇಂಥ ಮಾಡ್ಯೂಲ್ "ಅಟ್ ಇಂಕ್"ನಲ್ಲಿ ಸಿಗಲಿಲ್ಲ ಅಂತ.

ಅಟ್ ಇಂಕ್ ಅಂದರೆ ಪರ್ಲ್ ತನ್ನ ಮಾಡ್ಯೂಲ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ. ಅದರ ಹೊರಗೆ ಅದು ಕಣ್ಣೆತ್ತಿ ನೋಡುವುದಿಲ್ಲ. ಹಾಗಾದರೆ ಟರ್ಮಿನಲ್‌ನಲ್ಲೇ ಓಡಿಸಿ ನೋಡೋಣ ಅಂತ ಪರ್ಲ್ ಹೈಫನ್ ಸಿ ಹಾಕಿದೆ. ಬೇರೆಯದೇ ಎರರ್! ಕೋಹಾದ್ದೇ ಆದ ಸಿ-ಫೋರ್ ಮಾಡ್ಯೂಲ್‌ಗಳೇ ಇಲ್ಲ ಅಂತು. ಅರ್ಧ ಗಂಟೆ ಅದರ ಹಿಂದೆ ಹೋಯಿತು. ಅದು ಸುಳ್ಳು ಜಾಡು ನೋಡ್ರಿ. ಹಿಂದೆ ಯಾರೋ ಟಾರ್‌ಬಾಲ್‌ನಿಂದ ಕೋಹಾ ಹಾಕಿದ್ದರು. ಹಾಗೆ ಹಾಕಿದಾಗ ಪರ್ಲ್-ಫೈವ್-ಲಿಬ್, ಕೋಹಾ-ಕಾನ್ಫ್ ಎಂಬ ಎರಡು ವೇರಿಯಬಲ್‌ಗಳು ಅಪಾಚಿಯ ಕಾನ್ಫಿಗ್‌ನಲ್ಲಿ ಸೆಟ್-ಎನ್ವ್ ಸಾಲುಗಳಾಗಿ ಕೂತಿರುತ್ತವೆ. ಬ್ರೌಸರ್‌ನಿಂದ ಬಂದವರಿಗೆ ಅವು ಸಿಗುತ್ತವೆ, ಟರ್ಮಿನಲ್‌ನಲ್ಲಿ ಕೂತ ನಮಗೆ ಸಿಗುವುದಿಲ್ಲ. ಅವೆರಡನ್ನೂ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಲಾಗ್‌ನಲ್ಲಿದ್ದ ಎರರ್ರೇ ಇಲ್ಲೂ ಬಂತು. ಒಂದೇ ಎರರ್ ಎರಡೂ ಕಡೆ ಕಾಣುವ ತನಕ ರಿಪೇರಿಗೆ ಕೈ ಹಾಕಬಾರದು.

ಆದರೆ ಆ ಮಾಡ್ಯೂಲ್ ಡಿಸ್ಕ್‌ನಲ್ಲಿ ಇತ್ತು! ಫೈಂಡ್ ಕೊಟ್ಟರೆ ಕಾಣುತ್ತದೆ, ಪರ್ಲ್‌ಗೆ ಕಾಣುವುದಿಲ್ಲ. ಫೋಲ್ಡರ್ ಹೆಸರು ನಿಧಾನಕ್ಕೆ ಓದಿದಾಗ ಗೊತ್ತಾಯಿತು. ಸಿಪಾನ್‌ನಿಂದ ಹಾಕಿದ ಮಾಡ್ಯೂಲ್‌ಗಳು ಡೆಬಿಯನ್‌ನಲ್ಲಿ ಯೂಸರ್-ಲೋಕಲ್ ಕೆಳಗೆ, ಪರ್ಲ್ ಆವೃತ್ತಿಯ ಹೆಸರಿನ ಫೋಲ್ಡರ್‌ನಲ್ಲಿ ಕೂರುತ್ತವೆ. ಇಲ್ಲಿದ್ದದ್ದು 5.28.1. ಆ ವಾರ ಯಾರೋ ಸ್ವಯಂಸೇವಕರು ಒಳ್ಳೆ ಮನಸ್ಸಿನಿಂದಲೇ ಡೆಬಿಯನ್ 10ರಿಂದ 11ಕ್ಕೆ ಏರಿಸಿದ್ದರು. ಅಲ್ಲಿಗೆ ಪರ್ಲ್ 5.32.1 ಆಯಿತು, ಅದು ತನ್ನ ಹೆಸರಿನ ಫೋಲ್ಡರ್ ಮಾತ್ರ ನೋಡುತ್ತದೆ. ಮಾಧಾಪುರದ ಪೀಜಿ ಬಿಟ್ಟು ಮಿಯಾಪುರಕ್ಕೆ ಬಂದ ಮೇಲೆ ಪಾರ್ಸಲ್ ಹಳೇ ಪೀಜಿ ಬಾಗಿಲಲ್ಲೇ ಕೂತ ಹಾಗೆ.

ಹಳೇ ಫೋಲ್ಡರ್‌ಗೆ ಒಂದು ಲಿಂಕ್ ಕೊಟ್ಟು ಬಿಡೋಣ ಅನ್ನಿಸಿತ್ತು. ಮಾಡಬೇಡಿ. ಬರೀ ಪರ್ಲ್‌ನಲ್ಲಿ ಬರೆದ ಮಾಡ್ಯೂಲ್ ಓಡಬಹುದು, ಆದರೆ ಸಿ ಭಾಷೆಯ ಭಾಗ ಇರುವವು ಹಳೇ ಪರ್ಲ್‌ಗೆ ಕಂಪೈಲ್ ಆದವು, ಹೊಸದರೊಳಗೆ ಕೈಕೊಡುತ್ತವೆ. ಅದರ ಬದಲು ಡೆಬಿಯನ್ ಪ್ಯಾಕೇಜನ್ನೇ ಆಪ್ಟ್‌ನಿಂದ ಹಾಕಿ. ಹೆಸರಿನ ಸೂತ್ರ ಸುಲಭ: ಟೆಕ್ಸ್ಟ್ ಸಿಎಸ್‌ವಿ ಮಾಡ್ಯೂಲ್ ಇದ್ದರೆ ಲಿಬ್-ಟೆಕ್ಸ್ಟ್-ಸಿಎಸ್‌ವಿ-ಪರ್ಲ್. ಇನ್ನೊಮ್ಮೆ ಡೆಬಿಯನ್ ಏರಿಸಿದಾಗ ಅವೂ ಜೊತೆಗೇ ಏರುತ್ತವೆ. ಒಂದು ಹಾಕಿದರೆ ಲಾಗ್ ಇನ್ನೊಂದು ಕೇಳುತ್ತಿತ್ತು. ಮೂರನೆಯದಕ್ಕೆ ಬೇಸತ್ತು ಕೋಹಾದ ಜೊತೆಗೇ ಬರುವ ಕೋಹಾ-ಪರ್ಲ್-ಡೆಪ್ಸ್ ಸ್ಕ್ರಿಪ್ಟನ್ನು ಹೈಫನ್ ಎಂ ಕೊಟ್ಟು ಓಡಿಸಿದೆ, ಇಲ್ಲದವೆಲ್ಲ ಒಟ್ಟಿಗೆ ಪಟ್ಟಿಯಾಗಿ ಬಂದವು. ಮಧ್ಯಾಹ್ನ ಎರಡಕ್ಕೆ ಪುಟ ತೆರೆಯಿತು.

ನಾನು ಬ್ಯಾಗ್ ಹೆಗಲಿಗೆ ಹಾಕುತ್ತಿದ್ದೆ. ಕಾಕಾ ಹುಡುಕುವ ಪೆಟ್ಟಿಗೆಯಲ್ಲಿ "ಪರ್ವ" ಅಂತ ಟೈಪ್ ಮಾಡಿದರು. ಏನೂ ಬರಲಿಲ್ಲ. ಅವರು ತಣ್ಣಗೆ ಡ್ರಾಯರ್‌ನಿಂದ ಒಂದು ಉದ್ದನೆ ರಿಜಿಸ್ಟರ್ ತೆಗೆದು ಕಪಾಟಿನ ನಂಬರ್ ನೋಡಿಕೊಂಡರು. "ಕಾಕಾ, ಇದು ಮೊದಲಿಂದ ಹಿಂಗೇನಾ?" "ಹೌದು. ಕನ್ನಡ ಟೈಪಿಂಗ್ ನನಗ ಬರೂದಿಲ್ಲ, ಅದಕ್ಕ ಸಿಗವಲ್ದು ಅಂತ ತಿಳ್ಕೊಂಡೀನಿ."

ಬ್ಯಾಗ್ ಕೆಳಗಿಟ್ಟೆ. ಪುಸ್ತಕದ ಪುಟದಲ್ಲಿ ಕನ್ನಡ ಸರಿಯಾಗಿ ಕಾಣುತ್ತಿತ್ತು, ಅಂದರೆ ಡೇಟಾಬೇಸ್ ಸರಿ ಇದೆ. ಕೋಹಾದಲ್ಲಿ ಹುಡುಕಾಟದ ಕೆಲಸ ಜೀಬ್ರಾ ಎಂಬ ಬೇರೆ ಇಂಡೆಕ್ಸರ್‌ನದು. ಅದರ ಮಾಮೂಲಿ ಸಿಎಚ್‌ಆರ್ ಅಕ್ಷರಪಟ್ಟಿ ಇಂಗ್ಲಿಷಿನಂಥ ಲಿಪಿಗಳಿಗೆ ಮಾಡಿದ್ದು, ಕನ್ನಡದ ಗುರುತೇ ಅದಕ್ಕಿಲ್ಲ. ಡಿಫಾಲ್ಟ್ ಡಾಟ್ ಐಡಿಎಕ್ಸ್ ಫೈಲ್‌ನಲ್ಲಿ ಪದಗಳ ವಿಭಾಗದ ಚಾರ್‌ಮ್ಯಾಪ್ ಸಾಲು ತೆಗೆದು "ಐಸಿಯುಚೈನ್ ವರ್ಡ್ಸ್-ಐಸಿಯು ಡಾಟ್ ಎಕ್ಸ್‌ಎಂಎಲ್" ಅಂತ ಬರೆದೆ, ನುಡಿಗಟ್ಟಿನ ವಿಭಾಗಕ್ಕೆ ಫ್ರೇಸಸ್-ಐಸಿಯು. ಜೀಬ್ರಾ ರೀಸ್ಟಾರ್ಟ್. ಆಮೇಲೆ ರೀಬಿಲ್ಡ್-ಜೀಬ್ರಾ ಸ್ಕ್ರಿಪ್ಟ್, ಹೈಫನ್ ಬಿ, ಹೈಫನ್ ಆರ್ ಜೊತೆ. ಕೊನೆಯದ್ದು ಹಳೇ ಇಂಡೆಕ್ಸ್ ಅಳಿಸುತ್ತದೆ, ಅದಿಲ್ಲದೆ ಬದಲಾವಣೆ ಹತ್ತುವುದಿಲ್ಲ. ಇದನ್ನು ರೂಟ್ ಆಗಿ ಓಡಿಸಬೇಡಿ, ಇಂಡೆಕ್ಸ್ ಫೈಲ್‌ಗಳು ರೂಟ್ ಹೆಸರಿಗೆ ಹೋಗಿ ಜೀಬ್ರಾ ಅವನ್ನು ಮುಟ್ಟಲಾಗದೆ ಕೂರುತ್ತದೆ.

ಈ ಸಲ "ಪರ್ವ" ಬಂತು. ಕಾಕಾ ಮಾತಾಡಲಿಲ್ಲ. "ಬೇಂದ್ರೆ" ಟೈಪ್ ಮಾಡಿದರು, ಆಮೇಲೆ "ವಚನ", ಆಮೇಲೆ ತಮ್ಮ ಊರಿನ ಹೆಸರು.

ಒಂದಿಷ್ಟು ಪುಸ್ತಕ ಮಾತ್ರ ಇನ್ನೂ ಸಿಗುತ್ತಿಲ್ಲ. ಅವನ್ನು ಯುನಿಕೋಡ್‌ಗೆ ಮೊದಲಿನ ನುಡಿ ಆಸ್ಕಿಯಲ್ಲಿ ತುಂಬಿದ್ದರು, ಡೇಟಾಬೇಸ್‌ನಲ್ಲಿ ಅವು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಗೋಜಲು. ಸ್ಕ್ರಿಪ್ಟ್ ಬರೆದುಕೊಡ್ತೀನಿ ಅಂದೆ. "ಬ್ಯಾಡ, ರಿಜಿಸ್ಟರ್ ಅದಲ್ಲ, ನಾನs ಒಂದೊಂದು ಹಾಕ್ತೀನಿ. ಈಗ ಟೈಪಿಂಗ್ ಬರ್ತದ" ಅಂದರು.